ಹಾಸಿಗೆಯಿಂದ ಹೊಸ್ತಿಲವರೆಗೆ

"ಇಷ್ಟು ವರ್ಷ ದುಡಿದದ್ದು ಸಾಕು, ಇನ್ನು ಸುಮ್ಮನೆ ಕುಳಿತಿರಿ ಅಮ್ಮಾ." ಈ ಮಾತು ಕೇಳಿಬರದ ಮನೆ ನಮ್ಮಲ್ಲಿ ಅಪರೂಪ. ಮಗ ಹೇಳುತ್ತಾನೆ, ಸೊಸೆ ಹೇಳುತ್ತಾಳೆ, ದೂರದೂರಿನಲ್ಲಿರುವ ಮಗಳು ಫೋನಿನಲ್ಲಿ ಹೇಳುತ್ತಾಳೆ. ಆ ಮಾತಿನಲ್ಲಿ ಪ್ರೀತಿಯಿದೆ, ಗೌರವವಿದೆ. ಎಲ್ಲಿ ಜಾರಿ ಬಿದ್ದುಬಿಡುತ್ತಾರೋ ಎಂಬ ಭಯವಿದೆ. "ಈ ವಯಸ್ಸಿನಲ್ಲೂ ಅತ್ತೆಯ ಕೈಯಲ್ಲಿ ಕೆಲಸ ಮಾಡಿಸುತ್ತಾಳೆ" ಎಂದು ನೆರೆಹೊರೆಯವರು ಆಡಿಕೊಂಡಾರು ಎಂಬ ಅಂಜಿಕೆಯೂ ಇಲ್ಲದಿಲ್ಲ. ಹೀಗೆ ಎಲ್ಲರ ಒಳ್ಳೆಯ ಮನಸ್ಸು ಒಟ್ಟುಗೂಡಿ ತಾಯಿಯನ್ನು ಒಂದು ಕುರ್ಚಿಯಲ್ಲಿ ಕೂರಿಸಿಬಿಡುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಕುರ್ಚಿಯಿಂದ ಏಳಲು ಆಕೆಗೆ ಇನ್ನೊಬ್ಬರ ಕೈ ಬೇಕಾಗುತ್ತದೆ. ಆಗ ನಾವು, "ವಯಸ್ಸಾಯಿತಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ.

ಆಕೆಯನ್ನು ಕುಗ್ಗಿಸಿದ್ದು ವಯಸ್ಸೋ, ಕುರ್ಚಿಯೋ? ಈ ಪ್ರಶ್ನೆಯನ್ನು ಕೇಳಿಕೊಳ್ಳಲು ವೈದ್ಯಲೋಕಕ್ಕೇ ಬಹಳ ಕಾಲ ಹಿಡಿಯಿತು. ಉತ್ತರ ದೊರೆತ ಬಗೆಯನ್ನು ತಿಳಿದರೆ, ನಮ್ಮ ಮನೆಗಳ ಹಿರಿಯ ಮಹಿಳೆಯರಿಗೆ ನಾವು ಮಾಡುತ್ತಿರುವ ಸೇವೆಯನ್ನು ಹೊಸ ಕಣ್ಣಿನಿಂದ ನೋಡಲು ಸಾಧ್ಯವಾದೀತು.

ಏಳುನೂರ ಹದಿನಾಲ್ಕು ಹಾಸಿಗೆಗಳು

ಇಂಗ್ಲೆಂಡಿನಲ್ಲಿ 1834ರ ಬಡವರ ಕಾಯಿದೆಯ ನಂತರ ನಿರ್ಗತಿಕರಿಗಾಗಿ 'ವರ್ಕ್‌ಹೌಸ್'ಗಳು ಎಲ್ಲೆಡೆ ತಲೆಯೆತ್ತಿದವು. ಕಾಲ ಸರಿದಂತೆ ಅವುಗಳಿಗೆ ಸೇರಿದ ಆಸ್ಪತ್ರೆಗಳು ದಿಕ್ಕಿಲ್ಲದ ವೃದ್ಧರಿಂದಲೂ ವಾಸಿಯಾಗದೆಂದು ಕೈಬಿಟ್ಟ ರೋಗಿಗಳಿಂದಲೂ ತುಂಬಿದವು. 1929ರ ಕಾಯಿದೆಯೊಂದು ಈ ಆಸ್ಪತ್ರೆಗಳನ್ನು ಸ್ಥಳೀಯ ಸರಕಾರಗಳ ವಶಕ್ಕೆ ಒಪ್ಪಿಸಿತು. ಅದರ ಫಲವಾಗಿ 1935ರಲ್ಲಿ, ಲಂಡನ್ನಿನ ಪಶ್ಚಿಮ ಅಂಚಿನಲ್ಲಿರುವ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ತನ್ನ ಪಕ್ಕದಲ್ಲೇ ಇದ್ದ ಇಂಥದೊಂದು ಆಸ್ಪತ್ರೆಯನ್ನು ವಹಿಸಿಕೊಂಡಿತು. ಅಲ್ಲಿದ್ದವು 714 ಹಾಸಿಗೆಗಳು. ಅವುಗಳ ಹೊಣೆ ಡಾ. ಮಾರ್ಜರಿ ವಾರೆನ್ ಎಂಬ ವೈದ್ಯೆಯ ಹೆಗಲಿಗೆ ಬಂತು. 1897ರಲ್ಲಿ ಜನಿಸಿದ ಆಕೆಗೆ ಆಗ ನಲವತ್ತೂ ತುಂಬಿರಲಿಲ್ಲ.

ವಾರ್ಡುಗಳನ್ನು ಸುತ್ತಿದ ವಾರೆನ್ ಕಂಡದ್ದೇನು? ಮಬ್ಬು ಬೆಳಕು, ಮಂಕು ಬಣ್ಣದ ಗೋಡೆಗಳು, ಒತ್ತೊತ್ತಾಗಿ ಹಾಕಿದ ಹಾಸಿಗೆಗಳು. ಅವುಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿಯೇ ಇದ್ದ ಜನ. ಅವರಿಗೆ ಏನಾಗಿದೆಯೆಂದು ಸರಿಯಾಗಿ ಪರೀಕ್ಷಿಸಿದವರಿಲ್ಲ. ದಾದಿಯರು ತಮಗೆ ತಿಳಿದಂತೆ ಉಣಿಸಿ, ಒರೆಸಿ, ಮಲಗಿಸುತ್ತಿದ್ದರು. ಹಾಗೆ ಮಲಗಿರುವುದೇ ವೃದ್ಧಾಪ್ಯದ ಸಹಜ ಸ್ಥಿತಿ ಎಂದು ಎಲ್ಲರೂ ನಂಬಿದ್ದರು.

ವಾರೆನ್ ಆ ನಂಬಿಕೆಯನ್ನು ಒಪ್ಪಲಿಲ್ಲ. ಒಬ್ಬೊಬ್ಬರನ್ನೇ ಪರೀಕ್ಷಿಸಿ, ಇವರು ಏಕೆ ಮಲಗಿದ್ದಾರೆ ಎಂಬುದನ್ನು ಮೊದಲು ತಿಳಿಯಲು ಯತ್ನಿಸಿದರು. ಬಳಿಕ ಸಾಧ್ಯವಿದ್ದವರಿಗೆಲ್ಲ ಹಾಸಿಗೆಯಲ್ಲೇ ಕೈಕಾಲಿನ ವ್ಯಾಯಾಮ ಮಾಡಿಸಿದರು. ನಂತರ ಕುಳ್ಳಿರಿಸಿದರು, ನಿಲ್ಲಿಸಿದರು, ಕೊನೆಗೆ ನಡೆಸಿದರು. ಗೋಡೆಗಳಿಗೆ ತಿಳಿಬಣ್ಣ ಬಂತು, ದೀಪಗಳು ಹೆಚ್ಚಿದವು, ಹಿಡಿದು ನಡೆಯಲು ಕಂಬಿಗಳು ಬಂದವು, ಕೂರಲು ತಕ್ಕ ಕುರ್ಚಿಗಳು ಬಂದವು. ಎಂದೂ ಏಳಲಾರರೆಂದು ಬರೆದಿಟ್ಟಿದ್ದ ಅನೇಕರು ಎದ್ದು ನಡೆದರು. ಹಲವರು ಆಸ್ಪತ್ರೆಯನ್ನೇ ಬಿಟ್ಟು ಹೋದರು. 1943ರಲ್ಲಿ, ಮತ್ತೆ 1946ರಲ್ಲಿ, ವೈದ್ಯಕೀಯ ಪತ್ರಿಕೆಗಳಲ್ಲಿ ಆಕೆ ಈ ಅನುಭವವನ್ನು ಬರೆದರು. ಸುಮ್ಮನೆ ಮಲಗಿಸಿದ ವೃದ್ಧರ ಸ್ನಾಯುಗಳು ಸಡಿಲವಾಗಿ, ಕೀಲುಗಳು ಬಿಗಿದು, ಮೈ ಹುಣ್ಣಾಗಿ, ಮನಸ್ಸೂ ಮಂಕಾಗುವ ದುರವಸ್ಥೆಯನ್ನು ಎಳೆಎಳೆಯಾಗಿ ತೋರಿಸಿದರು. 1960ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮಾರ್ಜರಿ ವಾರೆನ್ ಅವರನ್ನು ಇಂದು ಬ್ರಿಟನ್ನಿನಲ್ಲಿ ವೃದ್ಧವೈದ್ಯ ಶಾಸ್ತ್ರದ ತಾಯಿ ಎಂದೇ ಸ್ಮರಿಸುತ್ತಾರೆ.

ವಿಶ್ರಾಂತಿಯೇ ಮದ್ದು ಎಂಬ ಹಳೆಯ ನಂಬಿಕೆಗೆ 1947ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಲಂಡನ್ನಿನ ಇನ್ನೊಬ್ಬ ವೈದ್ಯ ರಿಚರ್ಡ್ ಆಶರ್, ಹಾಸಿಗೆ ಹಿಡಿಯುವುದರ ಅಪಾಯಗಳನ್ನೇ ವಿಷಯವಾಗಿಸಿಕೊಂಡು ಒಂದು ಲೇಖನ ಬರೆದರು. ಶ್ವಾಸಕೋಶ, ರಕ್ತನಾಳ, ಮೂಳೆ, ಚರ್ಮ, ಮೂತ್ರಕೋಶ, ಮನಸ್ಸು ಎಂದು ಒಂದೊಂದನ್ನೇ ಎತ್ತಿಕೊಂಡು, ಅನಗತ್ಯವಾಗಿ ಮಲಗಿರುವುದರಿಂದ ಯಾವುದಕ್ಕೆ ಏನು ಕೇಡು ಎಂದು ವಿವರಿಸಿದರು. ಅವರ ಮಾತು ಎಷ್ಟು ನಿಜವೆಂಬುದನ್ನು ಅಳತೆಗೋಲಿನಿಂದ ತೋರಿಸುವ ಕೆಲಸ ಆರು ದಶಕಗಳ ಬಳಿಕ ನಡೆಯಿತು. ಸರಾಸರಿ 67 ವರ್ಷ ವಯಸ್ಸಿನ ಆರೋಗ್ಯವಂತ ಹಿರಿಯರ ಒಂದು ಚಿಕ್ಕ ಗುಂಪನ್ನು ಅಮೆರಿಕದ ಸಂಶೋಧಕರು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಹತ್ತೇ ದಿನಗಳಲ್ಲಿ ಅವರು ಸರಾಸರಿಯಾಗಿ ಕಾಲುಗಳ ಮಾಂಸಖಂಡದಲ್ಲಿ ಸುಮಾರು ಒಂದು ಕಿಲೋ ಕಳೆದುಕೊಂಡಿದ್ದರು. ರೋಗವಿಲ್ಲದವರ ಸ್ಥಿತಿಯೇ ಹೀಗಾದರೆ, ಜ್ವರ ಬಂದು ಮಲಗಿದ ಎಂಬತ್ತರ ಅಜ್ಜಿಯ ಗತಿಯೇನು?

ಬಸ್ಸಿನ ಮೆಟ್ಟಿಲುಗಳು ಹೇಳಿದ ಸತ್ಯ

ಎದ್ದು ನಡೆದಾಡುವುದು ರೋಗಿಗಳಿಗೆ ಹಿತವೆಂದು ಹೀಗೆ ತಿಳಿಯಿತು. ರೋಗವಿಲ್ಲದವರಿಗೂ ದಿನನಿತ್ಯದ ಓಡಾಟ ಅಗತ್ಯವೇ? ಈ ಪ್ರಶ್ನೆಗೆ ಉತ್ತರ ಲಂಡನ್ನಿನ ಬಸ್ಸುಗಳಲ್ಲಿ ಸಿಕ್ಕಿತು. ಜೆರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯ ಆರೋಗ್ಯವನ್ನು ಅಭ್ಯಾಸ ಮಾಡಿದರು. ಚಾಲಕನೂ ನಿರ್ವಾಹಕನೂ ಒಂದೇ ಬಸ್ಸಿನಲ್ಲಿ, ಒಂದೇ ಬಗೆಯ ಬದುಕಿನಿಂದ ಬಂದವರು. ಆದರೆ ಚಾಲಕ ದಿನವಿಡೀ ಕುಳಿತಿರುತ್ತಿದ್ದ, ನಿರ್ವಾಹಕ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. 1953ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ನಿರ್ವಾಹಕರಲ್ಲಿ ಹೃದಯಾಘಾತ ಗಮನಾರ್ಹವಾಗಿ ಕಡಿಮೆಯಾಗಿ ಕಂಡುಬಂತು. ಮಾರಿಸ್ ಸ್ವತಃ 2009ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಅಧ್ಯಯನದಲ್ಲಿದ್ದವರೆಲ್ಲರೂ ಗಂಡಸರು. ಅದೂ ನೌಕರಿಯ ವಯಸ್ಸಿನವರು. ಹಿರಿಯ ಮಹಿಳೆಯರ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ದೊಡ್ಡ ಅಧ್ಯಯನಗಳು ಬರಲು ಇನ್ನೂ ದಶಕಗಳು ಬೇಕಾದವು. 2002ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಮುಟ್ಟು ನಿಂತ, 50ರಿಂದ 79 ವರ್ಷದವರೆಗಿನ 73,743 ಮಹಿಳೆಯರನ್ನು ಗಮನಿಸಿದ ಅದು, ಬಿರುಸಿನ ವ್ಯಾಯಾಮ ಮಾಡಿದವರಷ್ಟೇ ಚುರುಕಾಗಿ ನಡೆದವರಲ್ಲೂ ಹೃದ್ರೋಗ ಕಡಿಮೆಯೆಂದು ತೋರಿಸಿತು. ದೀರ್ಘಕಾಲ ಕುಳಿತೇ ಇರುವವರಲ್ಲಿ ಅಪಾಯ ಹೆಚ್ಚು ಎಂಬುದನ್ನೂ ಅದು ಗುರುತಿಸಿತು.

ತೊಂಬತ್ತರಲ್ಲಿ ಮರಳಿದ ಬಲ

"ಐವತ್ತು, ಅರವತ್ತರಲ್ಲಿ ಸರಿ, ಎಂಬತ್ತು ದಾಟಿದ ಮೇಲೆ ಏನು ಪ್ರಯೋಜನ?" ಎಂದು ನೀವು ಕೇಳಬಹುದು. ಇದೇ ಸಂದೇಹ ವೈದ್ಯರಲ್ಲೂ ಇತ್ತು. ಅದನ್ನು ಒರೆಗೆ ಹಚ್ಚಿದವರು ಬಾಸ್ಟನ್ ನಗರದ ವೈದ್ಯೆ ಮರಿಯಾ ಫಿಯಟರೋನ್ ಮತ್ತು ಅವರ ತಂಡ. ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ವಾಸಿಸುತ್ತಿದ್ದ, ಸರಾಸರಿ 90 ವರ್ಷ ವಯಸ್ಸಿನ ಹತ್ತು ಮಂದಿ ದುರ್ಬಲರಿಗೆ ಅವರು ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಂಟು ವಾರಗಳನ್ನು ಪೂರೈಸಿದವರು ಒಂಬತ್ತು ಮಂದಿ. 1990ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು: ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು! ಇಬ್ಬರು ತಮ್ಮ ಊರುಗೋಲನ್ನು ಬದಿಗಿಟ್ಟು ನಡೆಯುವಂತಾಗಿದ್ದರು.

ಅದೇ ತಂಡ 1994ರಲ್ಲಿ ನೂರು ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಕೆಲವರಿಗೆ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ ದೊರೆತವು. ಉಳಿದವರಿಗೆ ಇವೆರಡೂ ಇರಲಿಲ್ಲ. ವ್ಯಾಯಾಮ ಮಾಡಿದವರ ಬಲ ಹೆಚ್ಚಿತು, ನಡಿಗೆ ಚುರುಕಾಯಿತು, ಮೆಟ್ಟಿಲು ಹತ್ತುವ ಶಕ್ತಿ ಬಂತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯವನ್ನಷ್ಟೇ ಕುಡಿದವರ ದೌರ್ಬಲ್ಯ ನೀಗಲಿಲ್ಲ. ಪುಷ್ಟಿಗಾಗಿ ಡಬ್ಬಿಗಟ್ಟಲೆ ಪುಡಿ ತಂದು ತಾಯಿಗೆ ಕಲಸಿಕೊಡುವ ಮಕ್ಕಳು ಈ ಸಂಗತಿಯನ್ನು ಮನಸ್ಸಿನಲ್ಲಿಡುವುದು ಒಳಿತು. ಆಹಾರ ಬೇಕೇ ಬೇಕು; ಆದರೆ ದುಡಿಯದ ಸ್ನಾಯುವಿಗೆ ಆಹಾರವೊಂದೇ ಬಲ ತುಂಬಲಾರದು.

ಬೀಳುವ ಭಯಕ್ಕೆ ಬಂದ ಉತ್ತರ

ಹಿರಿಯ ಮಹಿಳೆಯರನ್ನು ಕುರ್ಚಿಗೆ ಕಟ್ಟಿಹಾಕುವ ದೊಡ್ಡ ಹಗ್ಗವೆಂದರೆ ಬೀಳುವ ಭಯ. ಈ ಭಯ ಆಧಾರರಹಿತವಲ್ಲ. ಮುಟ್ಟು ನಿಂತ ಬಳಿಕ ಸ್ತ್ರೀಯರ ಮೂಳೆಗಳು ಬೇಗನೆ ಸವೆಯುತ್ತವೆ. ಜಾರಿ ಬಿದ್ದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವ ಸಂಭವವಿದೆ. ಆದರೆ ಬೀಳಬಾರದೆಂದು ಕುಳಿತವರ ಕಾಲಿನ ಬಲ ಕುಂದುತ್ತದೆ, ಸಮತೋಲನ ತಪ್ಪುತ್ತದೆ; ಶೌಚಾಲಯಕ್ಕೆಂದು ಎದ್ದ ನಾಲ್ಕು ಹೆಜ್ಜೆಗಳಲ್ಲೇ ಅವರು ಬೀಳುತ್ತಾರೆ. ಭಯವೇ ತಾನು ಹೆದರಿದ್ದನ್ನು ಕರೆದು ತರುತ್ತದೆ.

ಈ ಸುಳಿಯಿಂದ ಹೊರಬರುವ ದಾರಿಯನ್ನು ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿರುವ ಒಟಾಗೊ ವಿಶ್ವವಿದ್ಯಾನಿಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ತೋರಿಸಿದರು. 80 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 233 ಮಹಿಳೆಯರು ಇದರಲ್ಲಿ ಪಾಲ್ಗೊಂಡರು. ಅರ್ಧದಷ್ಟು ಮಂದಿಯ ಮನೆಗೆ ಮೊದಲ ಎರಡು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ನಾಲ್ಕು ಬಾರಿ ಬಂದು, ಕಾಲಿನ ಬಲ ಹೆಚ್ಚಿಸುವ ಮತ್ತು ಸಮತೋಲನ ಕಾಯುವ ಸರಳ ವ್ಯಾಯಾಮಗಳನ್ನು ಅವರವರ ಶಕ್ತಿಗೆ ತಕ್ಕಂತೆ ಕಲಿಸಿದರು. ವಾರಕ್ಕೆ ಮೂರು ಸಲ, ಸುಮಾರು ಅರ್ಧ ಗಂಟೆ, ಜೊತೆಗೆ ನಡಿಗೆ. ಆ ಬಳಿಕ ಆಗಾಗ ಫೋನಿನಲ್ಲಿ ವಿಚಾರಣೆ. ಉಳಿದವರಿಗೆ ಎಂದಿನ ವೈದ್ಯೋಪಚಾರದ ಜೊತೆಗೆ ಬರೀ ಸ್ನೇಹದ ಭೇಟಿಗಳು. ಒಂದು ವರ್ಷದ ನಂತರ ಎಣಿಸಿದಾಗ, ವ್ಯಾಯಾಮ ಮಾಡದ ಗುಂಪಿನಲ್ಲಿ 152 ಬೀಳುವಿಕೆಗಳೂ ವ್ಯಾಯಾಮ ಮಾಡಿದ ಗುಂಪಿನಲ್ಲಿ 88 ಬೀಳುವಿಕೆಗಳೂ ದಾಖಲಾಗಿದ್ದವು. 1997ರಲ್ಲಿ ಪ್ರಕಟವಾದ ಈ ಪ್ರಯೋಗ 'ಒಟಾಗೊ ವ್ಯಾಯಾಮ ಕ್ರಮ' ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹಬ್ಬಿದೆ.

ಇದರ ಹೆಚ್ಚುಗಾರಿಕೆ ಎಲ್ಲಿದೆ? ದೊಡ್ಡ ಯಂತ್ರಗಳಿಲ್ಲ, ವ್ಯಾಯಾಮಶಾಲೆಯಿಲ್ಲ. ಕಣಕಾಲಿಗೆ ಕಟ್ಟುವ ಪುಟ್ಟ ಭಾರ, ಹಿಡಿದುಕೊಳ್ಳಲು ಗಟ್ಟಿಯಾದ ಒಂದು ಮೇಜು, ಮನೆ ಬಾಗಿಲಿಗೆ ಬಂದು ಕಲಿಸಿ ಮತ್ತೆ ವಿಚಾರಿಸುವ ಒಬ್ಬ ಮನುಷ್ಯ; ಇಷ್ಟೇ.

ಹತ್ತು ಸಾವಿರದ ಹಂಗಿಲ್ಲ

ಈಗ ಎಲ್ಲರ ಬಾಯಲ್ಲಿ 'ದಿನಕ್ಕೆ ಹತ್ತು ಸಾವಿರ ಹೆಜ್ಜೆ' ಎಂಬ ಮಾತಿದೆ. ಈ ಸಂಖ್ಯೆಯ ಮೂಲ ಜಪಾನಿನಲ್ಲಿದೆ. ಟೋಕಿಯೊ ಒಲಿಂಪಿಕ್ಸ್ ನಡೆದ ಮರುವರ್ಷ, ಅಂದರೆ 1965ರಲ್ಲಿ, ಅಲ್ಲಿ ಹೆಜ್ಜೆ ಎಣಿಸುವ ಒಂದು ಉಪಕರಣ ಮಾರುಕಟ್ಟೆಗೆ ಬಂತು. 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬ ಅರ್ಥದ ಅದರ ಹೆಸರೇ ಜಗತ್ತಿಗೆಲ್ಲ ಗುರಿಯಾಗಿ ಹರಡಿತು. ಈ ಸಂಖ್ಯೆಯನ್ನು ಕೇಳಿದ ಎಪ್ಪತ್ತೈದರ ತಾಯಿ, "ನನ್ನಿಂದಾಗದು" ಎಂದು ಮೊದಲ ಹೆಜ್ಜೆಯನ್ನೂ ಇಡದೆ ಕೂರುವುದು ಸಹಜ.

2019ರಲ್ಲಿ ಅಮೆರಿಕದ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳ ಲೆಕ್ಕವನ್ನು ಪ್ರಕಟಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗೆ ಹೋಲಿಸಿದರೆ, ಸುಮಾರು 4,400 ಹೆಜ್ಜೆ ನಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇಕಡ 41ರಷ್ಟು ಕಡಿಮೆಯಿತ್ತು. ಸುಮಾರು 7,500ರ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ಬಂದ ಮತ್ತೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 63ರಿಂದ 97 ವರ್ಷದ 5,416 ಮಹಿಳೆಯರಲ್ಲಿ, ಅಡುಗೆ, ಮನೆಗೆಲಸ, ಕೈತೋಟ, ಸ್ನಾನ ಮುಂತಾದ ನಿತ್ಯದ ಓಡಾಟದಲ್ಲಿ ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಕಾಲ ತೊಡಗಿದವರಿಗೆ, ಎರಡು ಗಂಟೆಯನ್ನೂ ತಲುಪದವರಿಗಿಂತ ಹೃದಯ ಮತ್ತು ರಕ್ತನಾಳದ ರೋಗಗಳು ಶೇಕಡ 43ರಷ್ಟು ಕಡಿಮೆ. ಆರೋಗ್ಯವಿದ್ದವರೇ ಹೆಚ್ಚು ಓಡಾಡುತ್ತಾರೆ ಎಂಬ ಮಾತೂ ನಿಜ. ಆದ್ದರಿಂದ ಈ ಅಂಕಿಗಳನ್ನು ವರದಾನದಂತೆ ಓದಬಾರದು. ಆದರೂ ಬಾಸ್ಟನ್, ಡ್ಯುನೆಡಿನ್‌ಗಳ ಪ್ರಯೋಗಗಳೊಡನೆ ಸೇರಿಸಿ ನೋಡಿದರೆ, ದಿಕ್ಕು ಸ್ಪಷ್ಟವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ ಎಂಬುದು ಗುರಿ. ಅಷ್ಟು ಸಾಧ್ಯವಿಲ್ಲದವರು ಸಾಧ್ಯವಾದಷ್ಟು ಮಾಡಲಿ. ಏನೂ ಮಾಡದಿರುವುದಕ್ಕಿಂತ ಅಲ್ಪವೂ ಲೇಸು ಎಂದು ಅದು ಒತ್ತಿ ಹೇಳುತ್ತದೆ.

ನಮ್ಮ ಮನೆಗಳಲ್ಲಿ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಅವರಲ್ಲಿ ಮಹಿಳೆಯರ ಸಂಖ್ಯೆಯೇ ಅಧಿಕ. ಇವರಲ್ಲಿ ಅನೇಕರು ಬಾಲ್ಯದಲ್ಲಿ ರಾಗಿ ಬೀಸಿದವರು, ಭತ್ತ ಕುಟ್ಟಿದವರು, ಬಾವಿಯಿಂದ ನೀರು ಸೇದಿ ಸೊಂಟದ ಮೇಲೆ ಹೊತ್ತವರು. ಆ ದುಡಿಮೆಯನ್ನು ಕೊಂಡಾಡಬೇಕಾಗಿಲ್ಲ. ಅದು ಎಷ್ಟೋ ತಾಯಂದಿರ ಬೆನ್ನು ಮುರಿದಿದೆ. ಗಿರಣಿ, ನಲ್ಲಿ, ಗ್ಯಾಸ್ ಒಲೆ, ಮಿಕ್ಸಿ ಬಂದದ್ದು ಅವರ ಪಾಲಿಗೆ ನಿಜವಾದ ಬಿಡುಗಡೆ. ಆದರೆ ಬೆನ್ನಿನ ಭಾರ ಇಳಿದಾಗ ಅದರೊಂದಿಗೆ ಮೈಯ ಚಲನೆಯೂ ಇಳಿದುಹೋಯಿತು. ಕಳೆದುಕೊಂಡ ಆ ಚಲನೆಯನ್ನು, ಹಳೆಯ ಕಷ್ಟವನ್ನು ಮರಳಿ ಹೇರದೆ, ಬೇರೆ ರೂಪದಲ್ಲಿ ಕೊಡುವುದು ಹೇಗೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮೊದಲು ಡಾ. ವಾರೆನ್ ಕೇಳಿದ ಪ್ರಶ್ನೆಯನ್ನೇ ಕೇಳೋಣ: ಆಕೆ ಏಕೆ ಕುಳಿತಿದ್ದಾಳೆ? ಮಂಡಿನೋವೇ, ಕಣ್ಣಿನ ಪೊರೆಯೇ, ತಲೆಸುತ್ತು ತರುವ ಮಾತ್ರೆಯೇ? ಮೂತ್ರ ತಡೆಯಲಾಗದೆ ಹೊರಗೆ ಹೋಗಲು ನಾಚಿಕೆಯೇ? ಪತಿ ತೀರಿಕೊಂಡ ಬಳಿಕ ಜೊತೆಗಾರರಿಲ್ಲದ ಬೇಸರವೇ? ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಎದೆನೋವು, ಉಬ್ಬಸ, ತಲೆಸುತ್ತು ಇದ್ದರೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ವೈದ್ಯರ ಸಲಹೆ ಪಡೆದೇ ಮುಂದುವರಿಯಬೇಕು.

ಎರಡನೆಯದಾಗಿ ಮನೆಯನ್ನು ನೋಡಿ. ಬಚ್ಚಲಿನಲ್ಲಿ ಹಿಡಿಯಲು ಒಂದು ಕಂಬಿ, ರಾತ್ರಿ ಉರಿಯುವ ಒಂದು ಪುಟ್ಟ ದೀಪ, ಜಾರದ ಚಪ್ಪಲಿ, ಕಾಲಿಗೆ ತೊಡರದ ನೆಲಹಾಸು, ತೀರಾ ತಗ್ಗಾಗಿರದ ಕುರ್ಚಿ. ಇವುಗಳಿಗೆ ತಗಲುವ ಖರ್ಚು ಮೂಳೆ ಮುರಿತದ ಚಿಕಿತ್ಸೆಯ ಮುಂದೆ ಏನೂ ಅಲ್ಲ.

ಮೂರನೆಯದು ಕೆಲಸ. ಕುಳಿತು ಸೊಪ್ಪು ಸೋಸುವುದು, ಅವರೆಕಾಯಿ ಬಿಡಿಸುವುದು ಕೈಗೂ ಮನಸ್ಸಿಗೂ ಒಳ್ಳೆಯದು. ಆದರೆ ಕಾಲಿಗೂ ಕೆಲಸ ಬೇಕು. ಗಿಡಗಳಿಗೆ ನೀರು ಹಾಕುವುದು, ಒಗೆದ ಬಟ್ಟೆ ಹರವುವುದು, ಬೀದಿಯ ತಿರುವಿನ ಅಂಗಡಿಯಿಂದ ಹಾಲು ತರುವುದು, ಮೊಮ್ಮಗನನ್ನು ಶಾಲೆಯ ವಾಹನದವರೆಗೆ ಬಿಟ್ಟುಬರುವುದು, ಹತ್ತಿರವಿದ್ದರೆ ಚರ್ಚಿಗೆ ನಡೆದು ಹೋಗುವುದು. ಇವನ್ನು ಆಕೆಯ ಕೈಯಿಂದ ಕಸಿದುಕೊಳ್ಳಬೇಡಿ. ಆಕೆ ನಿಧಾನವಾಗಿ ಮಾಡುತ್ತಾಳೆಂದು ನೀವು ಅವಸರದಿಂದ ಮುಗಿಸಿಬಿಟ್ಟರೆ, ಉಳಿಯುವುದು ನಿಮ್ಮ ಐದು ನಿಮಿಷ. ಕಳೆಯುವುದು ಆಕೆಯ ಬಲ. ಅಡುಗೆ ಕಟ್ಟೆಯನ್ನು ಹಿಡಿದು ತುದಿಗಾಲಿನಲ್ಲಿ ಹತ್ತು ಸಲ ಏಳುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಯ ಪಕ್ಕದಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು ಮುಂತಾದ ಅಭ್ಯಾಸಗಳನ್ನು ಅನ್ನ ಬೇಯುವಷ್ಟರಲ್ಲಿ ಮಾಡಿ ಮುಗಿಸಬಹುದು. ಮೊದಮೊದಲು ಪಕ್ಕದಲ್ಲಿ ಒಬ್ಬರು ನಿಂತಿರಲಿ.

ನಾಲ್ಕನೆಯದು ಜೊತೆ. ಡ್ಯುನೆಡಿನ್‌ನ ಅಜ್ಜಿಯರ ಹಿಂದೆ ವಿಚಾರಿಸುವ ಒಂದು ದನಿಯಿತ್ತು. ನಮ್ಮ ವಠಾರಗಳಲ್ಲಿ, ಕೇರಿಗಳಲ್ಲಿ ಮೂವರು ನಾಲ್ವರು ಹಿರಿಯ ಮಹಿಳೆಯರು ಸಂಜೆ ಜೊತೆಯಾಗಿ ನಡೆದರೆ, ಒಬ್ಬರು ಬರದಿದ್ದ ದಿನ ಉಳಿದವರು ಅವರ ಬಾಗಿಲು ತಟ್ಟುತ್ತಾರೆ. ಯಾವ ಉಪಕರಣವೂ ಮಾಡದ ಕೆಲಸವಿದು.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ಕೆಲವು ಮನೆಗಳಲ್ಲಿ ಚಿತ್ರ ತಿರುವುಮುರುವಾಗಿದೆ. ಎಪ್ಪತ್ತರ ಅಜ್ಜಿಯೇ ಬೆಳಗಿನಿಂದ ರಾತ್ರಿಯವರೆಗೆ ಅಡುಗೆಯವಳು, ಮೊಮ್ಮಕ್ಕಳ ಆಯಾ, ಮನೆಯ ಕಾವಲುಗಾರ್ತಿ. ಈ ಲೇಖನವನ್ನು ಮುಂದಿಟ್ಟುಕೊಂಡು ಅಂಥವರ ಹೆಗಲಿಗೆ ಇನ್ನೊಂದು ಹೊರೆ ಏರಿಸಿದರೆ ಅದು ಅನ್ಯಾಯ. ಬೇಡವೆನ್ನುವ ಸ್ವಾತಂತ್ರ್ಯವಿಲ್ಲದ ದುಡಿಮೆ ದೇಹವನ್ನು ಸವೆಸುತ್ತದೆ. ಮನಸ್ಸಿಟ್ಟು ಮಾಡುವ ಕೆಲಸ ಅದನ್ನು ಉಳಿಸುತ್ತದೆ. ಅವರಿಗೆ ಬೇಕಾದದ್ದು ಕೆಲಸದಲ್ಲಿ ಪಾಲು ಹಂಚಿಕೊಳ್ಳುವ ಕೈಗಳು ಮತ್ತು ತಮಗಾಗಿಯೇ ನಡೆದಾಡುವ ಅರ್ಧ ಗಂಟೆ.

ಪ್ರಿಯ ಓದುಗರೇ, ಇಂದು ಸಂಜೆ ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ನೀವು ಮೊದಲು ಮಾಡುತ್ತಿದ್ದ ಕೆಲಸಗಳಲ್ಲಿ ಯಾವುದನ್ನು ಮತ್ತೆ ಮಾಡಬೇಕೆಂದು ಆಸೆಯಿದೆ?" ಉತ್ತರ ಬರಲು ತಡವಾದರೆ ಕಾಯಿರಿ. ಮಲ್ಲಿಗೆ ಬಳ್ಳಿಗೆ ನೀರು ಹಾಕುವುದಿರಬಹುದು, ಪಕ್ಕದ ಬೀದಿಯ ಗೆಳತಿಯ ಮನೆಗೆ ಹೋಗಿಬರುವುದಿರಬಹುದು. ಅದೇನೇ ಇರಲಿ, ಆ ಕೆಲಸವನ್ನು ಅವರಿಗೆ ಬಿಟ್ಟುಕೊಡಿ. ಮೊದಲ ದಿನ ಹೊಸ್ತಿಲು ದಾಟುವಾಗ ಪಕ್ಕದಲ್ಲಿರಿ.